ಶಿವರಾತ್ರಿಯ ಒಂದೇ ಒಂದು ಬ್ಯಾಕಪ್

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತಾಗ ಮೊಬೈಲಿಗೆ ಸಂದೇಶ ಬಂತು: ‘ಬ್ಯಾಕಪ್ ಯಶಸ್ವಿಯಾಗಿ ಮುಗಿದಿದೆ.’ ಬೈಲಹೊಂಗಲದ ಒಂದು ಅಂಗಡಿಯ ಸರ್ವರು ದಿನಾ ಕಳಿಸುವ ಸಂದೇಶ ಅದು. ನಿಮಗಾದರೆ ಸಮಾಧಾನವಾಗುತ್ತಿತ್ತೇನೋ, ನನಗೆ ಮೈ ಉರಿಯುತ್ತದೆ. ಯಶಸ್ವಿಯಂತೆ! ಹಾಗೆಂದು ಹೇಳುವವರು ಯಾರು? ಅದೇ ಯಂತ್ರ. ಪರೀಕ್ಷೆ ಬರೆದವನೇ ಕುಳಿತು ತನಗೆ ತಾನೇ ಮಾರ್ಕು ಹಾಕಿಕೊಂಡ ಹಾಗೆ.

“ಮುಂಜಮುಂಜಾನೆ ಯಾರ ಮ್ಯಾಲ್ರಿ ಸಿಟ್ಟು?” ಎಂದಳು ಹೆಂಡತಿ. ಅದಕ್ಕೆ ಉತ್ತರ ಹೇಳಬೇಕಾದರೆ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ, ರಾಮದುರ್ಗಕ್ಕೆ ಹೋಗಬೇಕು. ಬಿಡುವಿದ್ದರೆ ನೀವೂ ಬನ್ನಿ.

ಆಗ ನಾನು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನಡುವೆ ಕೆಂಪು ಬಸ್ಸಿನಲ್ಲಿ ಓಡಾಡುತ್ತ ಸಣ್ಣಪುಟ್ಟ ವ್ಯಾಪಾರಸ್ಥರ ಕಂಪ್ಯೂಟರು ನೋಡಿಕೊಳ್ಳುತ್ತಿದ್ದೆ. ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಕಲಿತ ಹೊಸತು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ಸಿಕ್ಕಸಿಕ್ಕವರ ಅಂಗಡಿಗೆ ಲಿನಕ್ಸ್ ಹಾಕಿದೆ. ವೈರಸ್ ಬರುವುದಿಲ್ಲ, ವರ್ಷಗಟ್ಟಲೆ ಬಂದ್ ಮಾಡದೆ ನಡೆಯುತ್ತದೆ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಹೇಳುತ್ತಿದ್ದೆ. ಅವರು ಕಿಟಕಿಯ ಕಡೆ ತಿರುಗಿಕೊಳ್ಳುತ್ತಿದ್ದರು.

ರಾಮದುರ್ಗದಲ್ಲಿ ಬಸಲಿಂಗಪ್ಪ ಎಂಬ ಸೀರೆ ನೇಯಿಸುವ ಮಾಲಕರು ನನ್ನ ಗಿರಾಕಿ. ಅವರಲ್ಲಿ ನಲವತ್ತು ವರ್ಷದಿಂದ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಮೂನೆ ಬರೆದುಕೊಟ್ಟವರು ಹುಸೇನಸಾಬ್ ಚಾಚಾ. ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿಸುತ್ತ ಬರೆದ ನೂರಾರು ನಮೂನೆಗಳು ಅವರ ಟ್ರಂಕಿನಲ್ಲಿದ್ದವು. ಈಗ ಕಣ್ಣಿಗೆ ಪೊರೆ, ಕೈಯಲ್ಲಿ ನಡುಕ, ಹಾಳೆಗಳಿಗೆ ಗೆದ್ದಲು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಸರ್ವರಿನಲ್ಲಿ ಇಡೋಣ ಎಂದವನು ನಾನೇ. ದೀಪಾವಳಿಗೆ ಕೆಲಸ ಶುರುವಾಯಿತು. ಚಾಚಾ ಟ್ರಂಕಿನ ಮೇಲಿನ ಹಾಳೆಗಳನ್ನು ಮೊದಲು ಕೊಟ್ಟರು. ಜೀವಕ್ಕೆ ಹತ್ತಿರವಾದವು ತಳದಲ್ಲಿದ್ದವು. ಅವು ಕೊನೆಗೆ, ಹೋಳಿಯ ಹಿಂದಿನ ಹದಿನೈದು ದಿನಗಳಲ್ಲಿ, ಒಲ್ಲದ ಮನಸ್ಸಿನಿಂದ ಹೊರಗೆ ಬಂದವು.

ಬ್ಯಾಕಪ್ಪಿಗೆ ನಾನು ಮಾಡಿದ ಏರ್ಪಾಡು ಕೇಳಿ. ರಾತ್ರಿ ಎರಡು ಗಂಟೆಗೆ ನೂಲಿನ ಅಂಗಡಿಯಲ್ಲಿದ್ದ ಸರ್ವರು ತಾನಾಗಿಯೇ ಎಲ್ಲ ನಮೂನೆಗಳ ಪ್ರತಿ ತೆಗೆದು, ಗೋಡೆಯಾಚೆ ಮಾಲಕರ ಮನೆಯಲ್ಲಿದ್ದ ಇನ್ನೊಂದು ಕಂಪ್ಯೂಟರಿಗೆ ಕಳಿಸಬೇಕು. ಮನುಷ್ಯರ ಕೈ ತಾಗುವಂತಿಲ್ಲ. “ಈ ಮಷಿನ್ ಯಾರೂ ಮುಟ್ಟಬ್ಯಾಡ್ರಿ” ಎಂದು ಮಾಲಕರಿಗೆ ಕಟ್ಟಪ್ಪಣೆ ಮಾಡಿದ್ದೆ.

ಹೋಳಿಯ ಹಿಂದಿನ ದಿನ ಚಾಚಾ ಫೋನ್ ಮಾಡಿದರು. “ಬೇಟಾ, ಹಾಳಿಗೆಲ್ಲಾ ಗೆದ್ದಲ ಹತ್ಯಾವು. ನೂಲಿಗೂ ಹತ್ತತಾವು, ಕಾಮಣ್ಣನ ಬೆಂಕಿಗೆ ಹಾಕೂಣು ಅಂತಾರ ಮಾಲಕರು. ಹಾಕಲೇನು?”

“ನಿಶ್ಚಿಂತಿ ಇರ್ರಿ ಚಾಚಾ,” ಎಂದೆ ನಾನು, ಎರಡು ಕಡೆ ಪ್ರತಿ ಇಟ್ಟ ಜಾಣ. “ಹಾಳಿ ಹೋದ್ರೂ ನಮೂನಿ ಹೋಗಂಗಿಲ್ಲ.”

ಹಾಕಿದರು.

ಯುಗಾದಿಯ ಮರುದಿನ ಸರ್ವರು ಏಳಲಿಲ್ಲ. ಹೋಗಿ ನೋಡಿದರೆ ಹಾರ್ಡ್ ಡಿಸ್ಕು ಟಕ್ ಟಕ್ ಎನ್ನುತ್ತಿತ್ತು. ನಾನು ನಕ್ಕೆ. ಸುಳ್ಳಲ್ಲ, ನಿಜವಾಗಿ ನಕ್ಕೆ; ಇಂಥ ದಿನಕ್ಕೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು! ಹೊಸ ಡಿಸ್ಕು ಹಾಕಿ, ಲಿನಕ್ಸ್ ಕೂಡಿಸಿ, ಮನೆಯ ಕಂಪ್ಯೂಟರಿನಲ್ಲಿ ಬ್ಯಾಕಪ್ ಹುಡುಕಿದೆ. ನಾಲ್ಕೂವರೆ ತಿಂಗಳ ರಾತ್ರಿಗಳಿಗೆ ಇದ್ದದ್ದು ಒಂದೇ ಒಂದು ಫೈಲು, ಶಿವರಾತ್ರಿಯ ರಾತ್ರಿಯದು.

“ಮಾಲಕರ, ರಾತ್ರಿ ಅಂಗಡ್ಯಾಗಿನ ಮಷಿನ್ ಬಂದ್ ಮಾಡತೀರೇನ್ರಿ?”

“ನಾವ್ಯಾಕ ಮಾಡೂಣ್ರಿ? ನೀವು ಮುಟ್ಟಬ್ಯಾಡ ಅಂದ್ರಿ, ನಾವು ಬೆರಳ ಸೈತ ಹಚ್ಚಿಲ್ಲ. ದೀಪಾ ಹಚ್ಚಿ ಮೇನ್ ಇಳಸತೇವಿ, ಅಷ್ಟ.”

“ಅಷ್ಟ ಏನ್ರಿ! ಮೇನ್ ಇಳಿಸಿದರ ಮಷಿನ್ ಹ್ಯಾಂಗ ನಡೀಬೇಕು? ಕರೆಂಟ್ ಹೋದರ ಇರಲಿ ಅಂತ ಕೂಡಿಸಿದ ಯುಪಿಎಸ್ ಏನಾತು?”

“ಆ ಡಬ್ಬಿ ಕುಂಯ್ ಕುಂಯ್ ಅಂತಿತ್ತು, ಅದನ್ನೂ ಬಂದ್ ಮಾಡತಿದ್ವಿ. ಹೊತ್ತು ಮುಣುಗಿದ ಮ್ಯಾಲ ನೂಲಿನ ಮನ್ಯಾಗ ಕರೆಂಟ್ ಇಡಬಾರದು ಅಂತ ನಮ್ಮಪ್ಪಾರು ಹೇಳಿ ಹೋಗ್ಯಾರ್ರಿ. ಬೆಂಕಿ ಬಿದ್ದರ?”

ಅವರಪ್ಪನ ಕಾಲದಲ್ಲಿ ಒಮ್ಮೆ ನೂಲಿಗೆ ಬೆಂಕಿ ಬಿದ್ದಿತ್ತಂತೆ. ಅಂದಿನಿಂದ ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಮೇನ್ ಸ್ವಿಚ್ಚಿಗೂ ಕೈಮುಗಿದು, ಅದನ್ನು ಕೆಳಗೆಳೆದು ಮನೆಗೆ ಹೋಗುವುದು ಪದ್ಧತಿ. ಬೆಳಿಗ್ಗೆ ಮೇನ್ ಏರಿಸಿದೊಡನೆ ಸರ್ವರು ತಾನೇ ಏಳುತ್ತಿತ್ತು. ಹಗಲಷ್ಟೇ ಬರುತ್ತಿದ್ದ ನನಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ದಿನಾ ಹೀಗೆ ಕುತ್ತಿಗೆ ಹಿಸುಕಿದರೆ ಯಾವ ಡಿಸ್ಕು ಬದುಕೀತು? ಶಿವರಾತ್ರಿಯೊಂದು ದಿನ ಅಂಗಳದಲ್ಲಿ ಜಾಗರಣೆಯ ಭಜನೆ ಇದ್ದುದರಿಂದ ಮೇನ್ ಇಳಿದಿರಲಿಲ್ಲ. ಶಿವನೂ ಎಚ್ಚರ, ಸರ್ವರೂ ಎಚ್ಚರ.

ಸಿಟ್ಟು ನೆತ್ತಿಗೇರಿತ್ತು. ಆದರೆ ಕಾರಲು ಯಾರ ಮೇಲೆ ಕಾರಲಿ? ಮಾಲಕರು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ಸಂಜೆ ಅಂಗಡಿ ಹೇಗೆ ಮುಚ್ಚುತ್ತೀರಿ ಎಂದು ಕೇಳದವನು ನಾನು. ನಾಲ್ಕೂವರೆ ತಿಂಗಳಲ್ಲಿ ಒಮ್ಮೆಯೂ ಆ ಬ್ಯಾಕಪ್ ತೆಗೆದು ನೋಡದವನೂ ನಾನೇ.

ಶಿವರಾತ್ರಿಯವರೆಗಿನ ನಮೂನೆಗಳೆಲ್ಲ ಮರಳಿ ಬಂದವು. ಆಮೇಲಿನ ಮೂವತ್ತೆರಡು ಹೋದವು. ಅವೇ ಟ್ರಂಕಿನ ತಳದವು. ಚಾಚಾರ ಮುಂದೆ ನಿಂತು ಹೇಳಿದೆ. ಅವರು, “ನೇದ ಸೀರಿ ಊರಾಗ ಅದಾವಲ್ಲ ಬೇಟಾ, ಹುಡುಕೂಣು ನಡಿ” ಎಂದರು.

ಹೀಗೆ ಶುರುವಾಯಿತು ನೋಡಿ ನಮ್ಮ ರಿಸ್ಟೋರು, ಕಳೆದದ್ದನ್ನು ಮರಳಿ ತರುವ ಕೆಲಸ. ಮಾಲಕರು, ಚಾಚಾ, ನಾನು, ಮೂವರೂ ಓಣಿ ಓಣಿ ತಿರುಗಿ ಹಳೆಯ ಸೀರೆ ಕೇಳಿದೆವು. ಹೆಂಗಸರು ಮೊದಲು ಗುಮಾನಿಯಿಂದ ನೋಡುತ್ತಿದ್ದರು. “ಉಟ್ಟ ಸೀರಿ ಕಂಪ್ಯೂಟರಿಗೆ ಯಾಕ್ರಿ ಬೇಕು? ಅದೂ ಉಡತೈತೇನು?” ಎಂದಳೊಬ್ಬಳು. ಇನ್ನೊಬ್ಬ ಅಜ್ಜಿ, “ತವರಮನಿ ಸೀರಿ ಐತಿ, ಕೈ ತೊಳಕೊಂಡ ಮುಟ್ಟು” ಎಂದು ನನಗೆ ನೀರಿನ ತಂಬಿಗೆ ಕೊಟ್ಟಳು. ಕಣ್ಣು ಮಂಜಾದ ಚಾಚಾ ದಡಿಯ ಮೇಲೆ ಹೆಬ್ಬೆರಳು ಸರಿಸಿ, “ಇದು ನಂದ” ಎನ್ನುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ಮಾಲಕರು ಭೂತಗನ್ನಡಿ ಹಿಡಿದು ಎಳೆ ಎಣಿಸಿ ಹೊಸ ಹಾಳೆಗೆ ಇಳಿಸುತ್ತಿದ್ದರು. ನನ್ನ ಎರಡು ಕಂಪ್ಯೂಟರು ಉಳಿಸದಿದ್ದುದನ್ನು ಊರ ಹೆಂಗಸರ ಟ್ರಂಕುಗಳು ಉಳಿಸಿದ್ದವು. ಎರಡು ತಿಂಗಳಲ್ಲಿ ಮೂವತ್ತೊಂದು ಸಿಕ್ಕವು.

ಉಳಿದದ್ದು ಒಂದು. ಅದನ್ನೂ ಹುಡುಕೋಣ ಎಂದು ನಾನು ಹುರುಪಿನಿಂದ ಎದ್ದೆ. ಚಾಚಾ ಕೈಹಿಡಿದು ಕೂರಿಸಿದರು.

“ಅದು ಸಿಗಂಗಿಲ್ಲ. ಅದನ್ನ ಯಾರೂ ಉಟ್ಟಿಲ್ಲ. ಮಲಪ್ರಭಾ ಹೊಳಿ ಕಲ್ಲಿಗೆ ಬಡದು ಸುಳಿ ತಿರಗತೈತಲ್ಲ, ಅದರ ನಮೂನಿ. ಎಳಿ ಬಾಳ, ನಮ್ಮ ಮಗ್ಗದಾಗ ಏಳಂಗಿಲ್ಲ ಅಂದಿದ್ರು ಮಾಲಕರ ಅಪ್ಪಾರು. ಕಂಪ್ಯೂಟರ್ ಬಂದೈತಿ, ಈಗರ ನೇದಾರು ಅಂತ ಕೊಟ್ಟಿದ್ದೆ.”

ಮಾಲಕರು ಹೊಸ ಹಾಳೆ, ಪೆನ್ಸಿಲು ತಂದಿಟ್ಟರು. ಚಾಚಾ ಕಣ್ಣಿಗೆ ಹತ್ತಿರ ಹಿಡಿದು ಹತ್ತು ಹನ್ನೆರಡು ಮನೆ ತುಂಬಿಸಿದರು. ಗೆರೆ ದಾಟಿ ದಾಟಿ ಹೋಯಿತು. ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟು, ಚಹಾ ತರಿಸು ಎಂದು ಮಾಲಕರಿಗೆ ಹೇಳಿದರು. ನನ್ನನ್ನು ಆಗಲೂ ಬೈಯಲಿಲ್ಲ, ಸಾಯುವತನಕವೂ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ನೆವ ಹೇಳಿ ಹಗುರಾಗುತ್ತಿದ್ದೆ.

ಚಹಾ ಮುಗಿಸಿ ಇವತ್ತು ಆ ಬೈಲಹೊಂಗಲದ ಅಂಗಡಿಗೆ ಹೋದೆ. ಬ್ಯಾಕಪ್ಪನ್ನು ಖಾಲಿ ಕಂಪ್ಯೂಟರಿಗೆ ಇಳಿಸಿ, ಮಾಲೀಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಫೈಲು ತೆರೆದು ತೋರಿಸಿದೆ. ಎರಡು ತಾಸು ಹಿಡಿಯಿತು. ಅವನು ಆಕಳಿಸುತ್ತ, “ಎಲ್ಲಾ ಸಿಕ್ಕಾವಲ್ರಿ ಸರ್, ಮತ್ಯಾಕ ಮಾರಿ ಸಣ್ಣ ಮಾಡೀರಿ?” ಎಂದ.

“ಹೌದಪಾ, ನಿನ್ನವು ಎಲ್ಲಾ ಸಿಕ್ಕಾವು” ಎಂದೆ.