ಬೆಂಕಿಬೆಟ್ಟದ ಪಂಥ

ನನ್ನ ಕಣ್ಣಿನ ಕತೆಯೇ ಒಂದು ತಮಾಷೆ. ಪೇಪರಿನ ಸಣ್ಣಕ್ಷರ ಓದುತ್ತೇನೆ, ಪಕ್ಕದಲ್ಲಿ ನಿಂತ ಎಮ್ಮೆ ಕಾಣುವುದಿಲ್ಲ. ನೋಟದ ನಡುವಿನದಷ್ಟೇ ಉಳಿದು, ಸುತ್ತಲಿನದು ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಾ ಬರುವ ರೋಗ. ಕೊನೆಗೆ ನಡುವಿನದೂ ಹೋಗುತ್ತದಂತೆ. ಯಾವಾಗ ಎಂದು ಕೇಳಿದರೆ ಡಾಕ್ಟರು ಮೇಜಿನ ಮೇಲಿನ ಪೆನ್ನು ಸರಿಪಡಿಸಿದರು. ದಿಲ್‌ಸುಖ್‌ನಗರದ ಮೆಟ್ರೊ ಮೆಟ್ಟಿಲಲ್ಲಿ ಯಾರಿಗಾದರೂ ಡಿಕ್ಕಿ ಹೊಡೆದರೆ "ದಿಖ್ತಾ ನೈ ಕ್ಯಾ, ಚಚ್ಚಾ?" ಎನ್ನುತ್ತಾರೆ. ಹೌದಪ್ಪಾ, ಕಾಣುವುದಿಲ್ಲ! ಹಾಗೆಂದರೆ ನಂಬುವುದಿಲ್ಲ, ಕೈಯಲ್ಲಿ ಪೇಪರು ಇರುತ್ತದಲ್ಲ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಎಂದು ಎಷ್ಟೋ ಮಕ್ಕಳಿಗೆ ಗಾದೆ ಬರೆಸಿದ ಮಾಸ್ತರ ನಾನು. ಬರೆಸುವುದು ಸುಲಭ.

ನಾನು ರಾಯಚೂರು ಕಡೆಯವನು, ಇಲ್ಲಿನ ಕನ್ನಡ ಶಾಲೆಗೆ ಗಣಿತ ಕಲಿಸಲು ಬಂದು ಇಲ್ಲೇ ಉಳಿದವನು. ಹೆಂಡತಿ ಇದೇ ಊರಿನ ತೆಲುಗು ಮನೆಯವಳು. ನಮ್ಮ ಒಬ್ಬಳೇ ಮಗಳು ತಾಯಿಯ ಜೊತೆ ತೆಲುಗು, ನನ್ನ ಜೊತೆ ಕನ್ನಡ ಮಾತಾಡುತ್ತಾ ಬೆಳೆದಳು. ಹುಸೇನ್ ಸಾಗರದಲ್ಲಿ ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುತ್ತಾರೆಂದು ತಿಳಿದು ತಾಯಿಯೇ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. "ಆ ನಾರೋ ನೀರಿಗೆ ಯಾಕ ಒಯ್ತಿ, ಹುಡುಗಿ ಲೆಕ್ಕ ಮಾಡಲಿ" ಎಂದು ನಾನು ಕೂಗಾಡುತ್ತಿದ್ದೆ. ಯಾರು ಕೇಳುತ್ತಾರೆ? ಆ ಹುಡುಗಿ ಮುಂದೆ ಇಂಡೋನೇಷ್ಯಾದ ಪೂರ್ವದ ಸಮುದ್ರದಲ್ಲಿ ಪ್ರವಾಸಿಗಳನ್ನು ಕರೆದೊಯ್ಯುವ ದೊಡ್ಡ ಹಾಯಿದೋಣಿಯೊಂದರ ಕ್ಯಾಪ್ಟನ್ ಆದಳು.

ಹೆಂಡತಿ ತೀರಿಕೊಂಡ ಮೇಲೆ ನನ್ನ ಕಣ್ಣಿನ ಸುದ್ದಿ ಮಗಳಿಗೆ ಮುಟ್ಟಿತು. ಯಾವ ಪುಣ್ಯಾತ್ಮ ಮುಟ್ಟಿಸಿದನೋ. ಫೋನಿನಲ್ಲಿ, "ನಾ ಕೆಲಸ ಬಿಟ್ಟು ಬರ್ತೀನಿ ಅಪ್ಪಾ. ನೀವು ಒಬ್ಬರೇ ಇರಾಕ ಆಗಂಗಿಲ್ಲ" ಎಂದಳು.

ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ದೊಡ್ಡ ಸಮುದ್ರವನ್ನು ಅವಳು ತನ್ನ ಕೈಯಾರೆ ಗಳಿಸಿದ್ದಳು. ಅದನ್ನು ನನ್ನ ಎರಡು ಕೆಟ್ಟ ಕಣ್ಣು ನುಂಗಬೇಕೇ? ಸಾಯುವುದಕ್ಕೂ ಇಷ್ಟು ಹೆದರಿರಲಿಲ್ಲ, ಈ ಮಾತಿಗೆ ಹೆದರಿದೆ. "ಯಾರು ಹೇಳಿದ್ರು ಆಗಂಗಿಲ್ಲಂತ? ನಾನೇ ಬರ್ತೀನಿ ಅಲ್ಲಿಗೆ. ನೀ ಹೇಳಿದ ಗುಡ್ಡ ಹತ್ತಿ ಇಳದು ತೋರಸ್ತೀನಿ, ನಿನ್ನ ಕೈ ಹಿಡೀದೆ. ಆಮ್ಯಾಲ ಈ ಮಾತು ಎತ್ತಬಾರದು" ಎಂದೆ. ಅವಳು "ಬರ್ರಿ ಹಂಗಾದ್ರ" ಎಂದಳು. ಪಂಥ ಕಟ್ಟಿದ್ದು ಹೀಗೆ.

ಪ್ರವಾಸಿಗಳಿಲ್ಲದ ವಾರ ನೋಡಿ ನನ್ನನ್ನು ಕರೆಸಿಕೊಂಡಳು. ದೋಣಿಯಲ್ಲಿ ನಾವಿಬ್ಬರು ಮತ್ತು ನಮ್ಮ ಭಾಷೆ ಬಾರದ ಇಬ್ಬರು ನಾವಿಕರು. ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸಿದ ಮೇಲೆ ಎಂಥ ಸದ್ದಡಗುತ್ತದೆ ಗೊತ್ತೇ! ಹಗ್ಗ ನರಳುವುದು, ನೀರು ಹಲಗೆಗೆ ಬಡಿಯುವುದು, ಅಷ್ಟೇ. ನಾನು ಬಗ್ಗಿ ನನ್ನ ನೋಟದ ಸಣ್ಣ ಕಿಂಡಿಯೊಳಗೆ ಒಂದೊಂದೇ ಅಲೆ ಹಿಡಿದು ನೋಡುತ್ತಿದ್ದೆ. ಬೆಳಗ್ಗೆ ಲಂಗರು ಎತ್ತುವಾಗ ಎಂಜಿನ್ನಿನ ಗುಂಡಿ ಒತ್ತುವ ಮರ್ಯಾದೆ ನನ್ನದು. "ಅಪ್ಪಾ, ಚಾಲೂ!" ಎಂದು ಅವಳು ಕೂಗಬೇಕು, ನಾನು ಒತ್ತಬೇಕು. ನನಗೋಸ್ಕರ ಬರೀ ಕನ್ನಡದಲ್ಲೇ ಮಾತಾಡುತ್ತಿದ್ದಳು, ತಪ್ಪಿ ತೆಲುಗು ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಅವಳು ಚುಕ್ಕಾಣಿಯ ಹಿಂದೆ ಬರಿಗಾಲಲ್ಲಿ ನಿಂತು ಆಕಾಶ ನೋಡುವುದನ್ನು ಕಂಡಾಗ, ತಾಯಿ ಇದನ್ನು ನೋಡಲಿಲ್ಲವಲ್ಲ ಎನ್ನಿಸುತ್ತಿತ್ತು.

ಪಂಥಕ್ಕೆ ಅವಳು ಆರಿಸಿದ್ದು ಬಾಂದಾ ಸಮುದ್ರದ ನಡುವೆ ನೀರಿನಿಂದ ನೇರ ಎದ್ದು ನಿಂತ ಬೆಂಕಿಬೆಟ್ಟ. ದ್ವೀಪವೆಂದರೆ ಆ ಬೆಟ್ಟವೇ. ಹಿಂದೆ ಉಕ್ಕಿ ಹರಿದ ಲಾವಾ ಕಪ್ಪು ಕಲ್ಲಾಗಿ ಸಮುದ್ರಕ್ಕೆ ಇಳಿದಿದೆ, ಅದರ ಮೇಲೆಯೇ ನೀರೊಳಗೆ ಹವಳ ಬೆಳೆದಿದೆ. ಎದುರಿನ ದ್ವೀಪದಲ್ಲಿ ಹಿಂದಿನ ದಿನ ಜಾಯಿಕಾಯಿಯ ತೋಪಿನಲ್ಲಿ ಅಡ್ಡಾಡಿಸಿದ್ದಳು. ಬಿರಿದ ಹಣ್ಣಿನೊಳಗೆ ಕೆಂಪು ಜಾಪತ್ರೆ ಹಸಿಹಸಿಯಾಗಿ ಕಾಯಿಗೆ ಅಪ್ಪಿಕೊಂಡಿತ್ತು. ನಮ್ಮೂರ ಬಿರಿಯಾನಿಗೆ ಹಾಕುವ ಒಣ ಚೂರಿಗೆ ಇಂಥ ಬಣ್ಣ ಇತ್ತೆಂದು ನನಗೇನು ಗೊತ್ತು! ಮರದ ತುದಿಯಲ್ಲಿ ಕೋಳಿಯಷ್ಟು ದಪ್ಪದ ಪಾರಿವಾಳ ಗುಂಯ್‌ಗುಟ್ಟುತ್ತಿತ್ತು. ಅವಳು ತೋರಿಸಿದಳು, ನನ್ನ ಕಣ್ಣಿಗೆ ಸಿಗಲಿಲ್ಲ. ಸಿಕ್ಕಿತು ಎಂದೆ.

ಹತ್ತಲು ಶುರು ಮಾಡಿದ್ದು ನಸುಕಿನಲ್ಲಿ. ದೂರದ ಬೆಟ್ಟ ನುಣ್ಣಗೆ ಅಂದವನು ಈ ಬೆಟ್ಟಕ್ಕೆ ಬಂದಿರಬೇಕು. ಮೊದಲು ಕಾಡು, ಜರೀಗಿಡ, ಬೇರು. ಮೇಲೆ ಹೋದಂತೆ ಮಣ್ಣೇ ಇಲ್ಲ, ಕಾಲಿಟ್ಟರೆ ಹಿಂದಕ್ಕೆ ಜಾರುವ ಕರಿ ಜಲ್ಲಿ. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ವಾಪಸು. ನಾನು ಕೋಲೂರಿ, ಕಣ್ಣು ಕಾಲಬೆರಳಿನ ಮೇಲಿಟ್ಟು ಹತ್ತಿದೆ. ಅವಳು ಮುಂದೆ. ಒಂದು ಸಲವೂ ಕೈ ಕೊಡಲಿಲ್ಲ, ನಾನೂ ಕೇಳಲಿಲ್ಲ. ದಮ್ಮು ಹತ್ತಿದಾಗ ನಿಲ್ಲುವುದು, ಅವಳು "ಚಾಲೂ?" ಎನ್ನುವುದು, ನಾನು "ಚಾಲೂ" ಎಂದು ಹೆಜ್ಜೆ ಕೀಳುವುದು. ಅಲ್ಲಲ್ಲಿ ಕಲ್ಲಿನ ಸಂದಿಯಿಂದ ಬಿಸಿ ಹಬೆ ಏಳುತ್ತಿತ್ತು, ಅಂಗೈ ಇಟ್ಟರೆ ರೊಟ್ಟಿ ಬೇಯಿಸಿದ ಹಂಚಿನಷ್ಟು ಬಿಸಿ. ಕೆಳಗೆ ಸಮುದ್ರ ಬೆಳಕಾಗುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಣ್ಣು ಹೋದರೆ ಹೋಗಲಿ, ಇಷ್ಟಂತೂ ನೋಡಿದೆನಲ್ಲ ಎನ್ನಿಸಿತು. "ಹ್ಯಾಂಗೈತಿ ಮಾಸ್ತರನ ಕಾಲು?" ಎಂದೆ. "ಭಾಳ ಜಂಬ ಬ್ಯಾಡ್ರಿ" ಎಂದು ನಕ್ಕಳು. ಆ ನಗುವಿನಲ್ಲಿ ಪಂಥ ಗೆದ್ದೇಬಿಟ್ಟೆ ಅನ್ನಿಸಿತು.

ತುದಿ ಇನ್ನೇನು ಹತ್ತಿರ. ನಾನು ದಮ್ಮಿಗೆ ನಿಂತಿದ್ದೆ. ಅವಳು ಎರಡು ಹೆಜ್ಜೆ ಮುಂದೆ ಹೋಗಿ ದಾರಿ ನೋಡಿ, ಧಡಕ್ಕನೆ ಹಿಂದೆ ಬಂದು ನನ್ನ ಪಕ್ಕ ನಿಂತದ್ದು ಉಸಿರಿನಲ್ಲಿ ತಿಳಿಯಿತು. "ಚಾಲು! ಚಾಲು!" ಎಂದಳು. ನಾನು ಹುರುಪಿನಿಂದ ಎರಡು ದೊಡ್ಡ ಹೆಜ್ಜೆ ಹಾಕಿದೆ. ಎರಡನೆಯ ಹೆಜ್ಜೆಗೆ ನೆಲ ಇರಲಿಲ್ಲ.

ಮಳೆಗೆ ದಾರಿ ಕುಸಿದಿತ್ತು. ಜಲ್ಲಿಯ ಜೊತೆ ಜಲ್ಲಿಯಾಗಿ ಜಾರಿದೆ, ಒಂದು ಕುರುಚಲು ಪೊದೆ ಪುಣ್ಯಕ್ಕೆ ತಡೆಯಿತು. ಅವಳು ಕುಂಡೆಯ ಮೇಲೆ ಜಾರುತ್ತಾ ಬಂದು ನನ್ನ ಅಂಗಿ ಹಿಡಿದಳು. ನನ್ನ ಮೊಣಕಾಲು ಸುಲಿದಿತ್ತು, ಅವಳ ಅಂಗೈ ತುಂಬ ರಕ್ತ.

"ಸಾಕು ಅಂದೆ, ನಿಲ್ರಿ ಅಂದೆ!" ಎಂದು ಚೀರಿದಳು.

"ಎಲ್ಲಿ ಅಂದಿ? ಚಾಲೂ ಅಂದಿ!"

ಆಗ ಇಬ್ಬರಿಗೂ ಹೊಳೆಯಿತು. ನಮ್ಮ ಕಡೆ ಚಾಲೂ ಅಂದರೆ ನಡಿ, ಶುರುಮಾಡು. ತೆಲುಗಿನಲ್ಲಿ ಚಾಲು ಅಂದರೆ ಸಾಕು, ನಿಲ್ಲಿಸು. ಇಷ್ಟು ದಿನ ಜೋಪಾನವಾಗಿ ಕನ್ನಡ ಆಡಿದ ಹುಡುಗಿಗೆ ಹೆದರಿಕೆಯಲ್ಲಿ ತಾಯಿಯ ಮಾತು ಬಾಯಿಗೆ ಬಂದಿತ್ತು. ರಕ್ತದ ಕೈಯಲ್ಲೇ ಇಬ್ಬರೂ ನಕ್ಕೆವು. ನಕ್ಕು ನಕ್ಕು ಅವಳಿಗೆ ಅಳು ಬಂತು.

ಮೇಲಕ್ಕೆ ಹೋಗುವ ಮಾತೇ ಇರಲಿಲ್ಲ. ಇಳಿಯುವ ದಾರಿಯುದ್ದಕ್ಕೂ ನಾನು ವಕೀಲನಂತೆ ವಾದಿಸಿದೆ. ಬಿದ್ದದ್ದು ಕಣ್ಣಿನ ತಪ್ಪಲ್ಲ, ಮಾತಿನ ತಪ್ಪು. ಗಿಡುಗನ ಕಣ್ಣಿದ್ದವನಾದರೂ ಚಾಲೂ ಅಂದರೆ ಮುಂದೆಯೇ ಹೋಗುತ್ತಾನೆ. ಆದ್ದರಿಂದ ಪಂಥ ನನ್ನದೇ. "ಜಟ್ಟಿ ಜಾರಿ ಬಿದ್ದರೂ ಮೀಸಿ ಮಣ್ಣಾಗಲಿಲ್ಲ ಅಂತೀರಲ್ಲ ನೀವು, ಇದೇ ಏನು ಅದು?" ಎಂದು ಅವಳು ಚುಡಾಯಿಸಿದಳು. ಚುಡಾಯಿಸುತ್ತಾಳೆಂದರೆ ಒಪ್ಪಿದ್ದಾಳೆ ಎಂದುಕೊಂಡೆ. ಕಾಲು ನೋಯುತ್ತಿದ್ದರೂ ಮನಸ್ಸು ಹಗುರವಾಗಿತ್ತು.

ದೋಣಿಗೆ ಮರಳಿದ ಮೇಲೆ ಮಧ್ಯಾಹ್ನ, ಹಾಯಿಯ ನೆರಳಿನಲ್ಲಿ ನನ್ನ ಮೊಣಕಾಲಿಗೆ ಔಷಧಿ ಹಚ್ಚುತ್ತಾ ಕೂತಳು. ಹತ್ತಿಯನ್ನು ಬಾಟಲಿಗೆ ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು.

"ಅಪ್ಪಾ, ಮಾತು ತಪ್ಪಿತು, ಖರೇನ. ಆದ್ರ ನಾ ಬರೀ ಮಾತಾಡಲಿಲ್ಲ. ನಿಮ್ಮ ಎದಿ ಮುಂದ ಕೈ ಅಡ್ಡ ಹಿಡದಿದ್ದೆ. ನೀವು ಅದನ್ನ ತಳ್ಳಿಕೊಂಡೇ ಹೋದ್ರಿ."

ಏನಾದರೂ ಹೇಳಬಹುದಿತ್ತು. ಗಡಿಬಿಡಿಯಲ್ಲಿದ್ದೆ ಎನ್ನಬಹುದಿತ್ತು, ಸಿಟ್ಟು ಮಾಡಬಹುದಿತ್ತು. ಎದೆಗೆ ಏನೋ ತಾಗಿದ್ದು ನೆನಪಿತ್ತು, ಕೋಲಿರಬೇಕು ಎಂದುಕೊಂಡಿದ್ದೆ. ಹೀಗಾಗಿ ನಾನು ಯೋಚಿಸುವ ಮೊದಲೇ ಬಾಯಿ ಕೇಳಿಬಿಟ್ಟಿತು:

"ಯಾವ ಕೈ?"

ಅವಳು ತಲೆ ಎತ್ತಲಿಲ್ಲ. ಪಟ್ಟಿ ಸುತ್ತಿ, ಗಂಟು ಹಾಕಿ, ಫೋನು ಹಿಡಿದು ದೋಣಿಯ ಆ ತುದಿಗೆ ಹೋದಳು. ದೋಣಿಯ ಮಾಲೀಕನ ಜೊತೆ ಅವನ ಭಾಷೆಯಲ್ಲಿ ಮಾತಾಡಿದಳು. ನನಗೆ ಒಂದು ಪದವೂ ತಿಳಿಯದಿದ್ದರೂ ಏನು ಹೇಳುತ್ತಿದ್ದಾಳೆಂದು ತಿಳಿಯಿತು.

ಈಗ ಸಿಕಂದರಾಬಾದಿನ ಒಂದು ಆಫೀಸಿನಲ್ಲಿ ಬೇರೆಯವರ ಪ್ರವಾಸಕ್ಕೆ ಟಿಕೆಟ್ ಮಾಡಿಸುತ್ತಾಳೆ. ಸಂಜೆ ಬಂದು ಅಡುಗೆ ಮಾಡುತ್ತಾಳೆ, ನಾನು ಉಪ್ಪು ಕಡಿಮೆ ಎಂದು ಜಗಳ ತೆಗೆಯುತ್ತೇನೆ, ಬೇಕಂತಲೇ. ನಿಮ್ಮಿಂದ ನನ್ನ ಸಮುದ್ರ ಹೋಯಿತು ಎಂದು ಒಮ್ಮೆ ಬೈದುಬಿಡಲಿ ಎಂದು. ಅವಳು ಉಪ್ಪಿನ ಡಬ್ಬಿ ತಂದು, ಮುಚ್ಚಳ ತೆಗೆದು, ನನ್ನ ಕೈ ಹಿಡಿದು ಅದರ ಮೇಲಿಡುತ್ತಾಳೆ.