ಪುಟದಣ್ಣನ ಟೂಲ್‌ಬಾರ್

ಆಕೆ ಪಠ್ಯಪುಸ್ತಕ ಅಚ್ಚು ಹಾಕುವ ಕಂಪನಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಮದುವೆಗೆ ಮೊದಲೇ ಹಿಡಿದ ಕೆಲಸ. ಈಗ ಮಗಳು ಕಾಲೇಜಿನಲ್ಲಿದ್ದಾಳೆ. ಅವಳಿಗಿಂತ ಹಿರಿಯರೂ ಅವಳನ್ನು ರಿಪೇರಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೋಣೆ ನೆಲಮಾಳಿಗೆಯಲ್ಲಿ, ಕರೆಯುವವರೆಲ್ಲ ಮೇಲಿನ ಮಹಡಿಗಳಲ್ಲಿ.

ನಿಜವಾಗಿ ಕೆಟ್ಟ ಕಂಪ್ಯೂಟರು ಅಪರೂಪ. ಬರುತ್ತಿದ್ದ ಫೋನು ಹೆಚ್ಚಾಗಿ ಒಂದೇ ಬಗೆಯದು: “ಅಕ್ಕಾ, ಮೇಲಿದ್ದ ಮೆನು ಕಾಣ್ತಿಲ್ಲ.” ಯಾವುದೋ ಕೀಗೆ ಬೆರಳು ತಾಗಿರುತ್ತಿತ್ತು. ಇವಳು ಹೋಗಿ, ಬಗ್ಗಿ, ಅದೇ ಕೀಯನ್ನು ಮತ್ತೊಮ್ಮೆ ಒತ್ತಿದರೆ ಎಲ್ಲವೂ ವಾಪಸು. ಮೆಟ್ಟಿಲು ಹತ್ತಿದ ಏದುಸಿರು ನಿಲ್ಲುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಬಸ್ಸು ಓಡಿಸುವ ಗಂಡ ಊಟಕ್ಕೆ ಕೂತಾಗ, “ಇವತ್ತು ಏನೇನು ಕಳ್ಕೊಂಡ್ರು ನಿನ್ ಆಫೀಸಿನ ಮಕ್ಕಳು?” ಎಂದು ಕೆಣಕುತ್ತಿದ್ದ. ಮೊದಮೊದಲು ನಗುತ್ತಿದ್ದಳು. ಈಚೆಗೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಆ ವರ್ಷ ಎಲ್ಲರಿಗಿಂತ ಹೆಚ್ಚು ಕಾಡಿದವನು ಮೂರನೇ ಮಹಡಿಯ ಪುಟದಣ್ಣ. ಪುಟ ಜೋಡಿಸುವುದರಲ್ಲಿ ಪಳಗಿದ ಕೈ, ನಿವೃತ್ತಿಗೆ ಹತ್ತಿರದ ವಯಸ್ಸು. ಅವನ ಪರದೆಯಲ್ಲಿ ಟೂಲ್‌ಬಾರುಗಳೆಲ್ಲ ಒಟ್ಟಿಗೇ ಮಾಯವಾಗಿ, ಬರೀ ಬಿಳಿ ಪುಟ ಉಳಿಯುತ್ತಿತ್ತು. ಸರಿ ಮಾಡಿ ಕೆಳಗಿಳಿದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮತ್ತೆ ಫೋನು. ಟ್ಯಾಬ್ ಕೀ ಒತ್ತಿದರೆ ಸಾಕೆಂದು ಹೇಳಿಕೊಟ್ಟಳು. ಅವನು ಒತ್ತುತ್ತಿದ್ದ, ಬಂದದ್ದು ಮರುಗಳಿಗೆಯೇ ಹೋಗುತ್ತಿತ್ತು.

ಒಂದು ದಿನ, ಐದನೆಯ ಸಲ ಹತ್ತಿ ಬಂದಾಗ ಅವಳ ತಾಳ್ಮೆ ತಪ್ಪಿತು.

“ಅಣ್ಣಾ, ನನ್ನ ಕಾಲು ಮುರೀಲಿ ಅಂತಾನೇ ಒತ್ತಿ ಇಡ್ತೀರಾ?”

ಸುತ್ತಲಿನವರು ನಕ್ಕರು. ಅವನು ನಗಲಿಲ್ಲ. ಅವಳಿಗೆ ಕೆಳಗಿಳಿಯುವ ಚೈತನ್ಯವೇ ಉಳಿದಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ನಕ್ಕವರು ಒಬ್ಬೊಬ್ಬರಾಗಿ ಚಹಾಕ್ಕೆ ಎದ್ದು ಹೋದರು.

ಕೂತಲ್ಲಿಂದ ಅವನ ಎಡಗೈ ಕಂಡಿತು. ಕೀಬೋರ್ಡಿನ ಅಂಚಿನಲ್ಲಿ ಸುಮ್ಮನೆ ಇಟ್ಟಿದ್ದ ಕೈ. ಅದರ ಕಿರುಬೆರಳು ಮಾತ್ರ ತಾನೇತಾನಾಗಿ ಟ್ಯಾಬ್ ಕೀ ಮೇಲೆ ಕುಟ್ಟುತ್ತಿತ್ತು. ಅವಳು ನೋಡುತ್ತಿರುವುದು ತಿಳಿದು ಅವನು ಬಲಗೈಯಿಂದ ಅದನ್ನು ಅದುಮಿ ಹಿಡಿದ.

“ಚಳಿ,” ಎಂದ. ಫ್ಯಾನು ಕೆಟ್ಟು ನಿಂತಿದ್ದ ಕೋಣೆಯಲ್ಲಿ ಅವನ ಹಣೆ ಬೆವೆತಿತ್ತು.

“ಎಷ್ಟು ದಿನದಿಂದ ಅಣ್ಣಾ?”

“ಯಾರಿಗೂ ಹೇಳ್ಬೇಡ ತಾಯಿ. ಕೈ ಹೋಯ್ತು ಅಂದ್ರೆ ನನ್ನನ್ನ ಇಲ್ಲಿ ಯಾರು ಕೂರಿಸ್ತಾರೆ?”

ಅವಳು ಮೌಸು ಎಳೆದುಕೊಂಡು, ಸೆಟ್ಟಿಂಗಿಗೆ ಹೋಗಿ, ಟೂಲ್‌ಬಾರು ಮರೆಮಾಡುವ ಕೆಲಸವನ್ನು ಆ ಕೀಯಿಂದ ಕಿತ್ತು ಹಾಕಿದಳು.

“ಇನ್ನು ಎಷ್ಟು ಕುಟ್ಟಿದ್ರೂ ಏನೂ ಹೋಗಲ್ಲ. ನಾನು ಯಾರಿಗೂ ಹೇಳಲ್ಲ. ನೀವು ಅತ್ತಿಗೆಗಾದ್ರೂ ಹೇಳಿ, ಡಾಕ್ಟರ್ ಹತ್ರ ಹೋಗಿ.”

“ಅವಳು ಎದೆ ಒಡ್ಕೋತಾಳೆ.”

“ಒಂದೇ ಮನೇಲಿರೋರಿಗೆ ಕಾಣ್ದೇ ಇರತ್ತಾ ಅಣ್ಣಾ?”

ಒಂದು ವಾರ ಮೂರನೇ ಮಹಡಿಯಿಂದ ಫೋನೇ ಬರಲಿಲ್ಲ. ಆಮೇಲೆ ಅವನೇ ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂದ.

“ಹೇಳ್ದೆ ಕಣಮ್ಮ. ಅವಳು ಅಳ್ಲಿಲ್ಲ. ‘ಲೋಟಕ್ಕೆ ಅರ್ಧ ಮಾತ್ರ ಚಹಾ ಹಾಕ್ತಿದ್ದೆನಲ್ಲ, ಯಾಕೆ ಅನ್ಕೊಂಡ್ರಿ?’ ಅಂದ್ಳು. ನಾನು ಜಿಪುಣಿ ಅನ್ಕೊಂಡಿದ್ದೆ.”

ಇಬ್ಬರೂ ನಕ್ಕರು. ಬಹಳ ಹೊತ್ತೇನಲ್ಲ.

ಮಾತ್ರೆಯಿಂದ ನಡುಕ ಒಂದಿಷ್ಟು ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಮ್ಯಾನೇಜರಿಗೂ ತಾನೇ ಹೇಳಿದ. ಮ್ಯಾನೇಜರು ಅವನನ್ನು ಕರಡು ತಿದ್ದುವ ಮೇಜಿಗೆ ಹಾಕಿದರು. ಆ ಕೆಲಸ ಅವನಿಗೆ ಒಗ್ಗಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡೇ ಉಳಿದ ಕಾಲ ದೂಡಿದ.

ರಿಪೇರಿ ಅಕ್ಕ ಈಗಲೂ ಮೆಟ್ಟಿಲು ಹತ್ತುತ್ತಾಳೆ. ಮೊಣಕಾಲಿಗೆ ಪಟ್ಟಿ ಬಂದಿದೆ. ಮೆನು ತಂದುಕೊಟ್ಟ ಮೇಲೂ ಒಂದು ಗಳಿಗೆ ಸ್ಟೂಲು ಎಳೆದು ಕೂರುತ್ತಾಳೆ. ದಣಿವು ಆರಲಿ ಎಂದೇ ಹೆಚ್ಚು. ಆದರೂ ಕೂತಷ್ಟು ಹೊತ್ತು, ಕರೆದವರ ಕೈಗಳನ್ನೊಮ್ಮೆ ನೋಡುತ್ತಾಳೆ.