ಸ್ಟೆಲ್ಲಾ ಆಂಟಿಯ ದೊಡ್ಡ ಅಕ್ಷರಗಳು

ಕಂಪ್ಯೂಟರ್ ಇರುವ ಕೋಣೆಗೆ ಕಾಲು ತೊಳೆದುಕೊಂಡು ಹೋಗುತ್ತಿದ್ದ ಕಾಲ ಅದು. ಹೊಸ ತಿಪ್ಪಸಂದ್ರದ ನಮ್ಮ ವಠಾರದಲ್ಲಿ ಕಂಪ್ಯೂಟರ್ ಇದ್ದದ್ದು ಪಕ್ಕದ ಮನೆಯ ಸ್ಟೆಲ್ಲಾ ಆಂಟಿಯ ಹತ್ತಿರ ಮಾತ್ರ. ಶಿವಾಜಿನಗರದ ಪ್ರೆಸ್ಸೊಂದಕ್ಕೆ ಮದುವೆ ಕಾರ್ಡುಗಳನ್ನು ಟೈಪ್ ಮಾಡಿಕೊಟ್ಟು ಅವರು ಒಬ್ಬರೇ ಜೀವನ ಸಾಗಿಸುತ್ತಿದ್ದರು. ನನ್ನ ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಮಧ್ಯಾಹ್ನ ಅವರು ಉಂಡು ಅಡ್ಡಾದರೆ ಯಂತ್ರ ನನ್ನದು. ಕೋಣೆಯ ತುಂಬ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ, ಅಡುಗೆಮನೆಯಿಂದ ಒಣಮೀನಿನ ಸಾರಿನ ವಾಸನೆ. ಕಲಬುರಗಿ ಕಡೆಯ ನಮ್ಮಮ್ಮ ಎರಡನೆಯದಕ್ಕೆ ಮೂಗು ಮುಚ್ಚುತ್ತಿದ್ದಳು. ನನಗೆ ಎರಡೂ ಇಷ್ಟ.

ಆಂಟಿಯದು ಒಂದೇ ಷರತ್ತು. "ಏನ್ ಬೇಕಾದ್ರೂ ಮಾಡು ಪಾಪಾ. ಏಳೋವಾಗ ನನ್ ಸೆಟ್ಟಿಂಗ್ಸ್ ಹೆಂಗಿತ್ತೋ ಹಂಗೇ ಇಡ್ಬೇಕು."

ಹಾಗಾಗಿ ಕೂತ ಕೂಡಲೇ ಮೆನು ತೆರೆದು ಅವರ ಸೆಟ್ಟಿಂಗ್ ನೋಡಿಟ್ಟುಕೊಳ್ಳುತ್ತಿದ್ದೆ. ಆಮೇಲೆ ನನ್ನ ಕಾರುಬಾರು. ಪರದೆಗೆ ನೀಲಿ ಬಣ್ಣ ಬಳಿದು, ಮೌಸಿನ ಬಾಣವನ್ನು ಕುದುರೆಯಾಗಿಸಿ, ಏಳುವ ಮೊದಲು ಎಲ್ಲವನ್ನೂ ಮೊದಲಿನಂತೆ ಮಾಡುತ್ತಿದ್ದೆ. ದಿನಾ ನೋಡುತ್ತಿದ್ದುದರಿಂದ ಒಂದು ವಿಷಯ ಗೊತ್ತಾಯಿತು. ಅಕ್ಷರ ಪರದೆಯ ಮೇಲೆ ಎಷ್ಟು ದೊಡ್ಡದಾಗಿ ಕಾಣಬೇಕು ಎಂಬ ಅಂಕಿಯನ್ನು ಆಂಟಿ ವಾರವಾರವೂ ಏರಿಸುತ್ತಿದ್ದರು. ಅಚ್ಚಾಗುವ ಕಾರ್ಡಿನಲ್ಲಿ ಏನೂ ಬದಲಾಗುತ್ತಿರಲಿಲ್ಲ, ಅವರ ಕಣ್ಣಿಗಷ್ಟೇ ಆ ಏರ್ಪಾಡು. ಮೇ ಮುಗಿಯುವ ಹೊತ್ತಿಗೆ ಮದುಮಗಳ ಹೆಸರೊಂದೇ ಪರದೆ ತುಂಬಿಕೊಳ್ಳುತ್ತಿತ್ತು.

ಅಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಕಿಗೆ ಕಣ್ಣು ಮಂಜಾಗ್ಯಾವ. ಯಾರ ಮುಂದೂ ಅನಬ್ಯಾಡ. ಕೆಲಸ ಹೋದ್ರ ಏನ್ ತಿಂತಾಳ ಪಾಪ?"

ಒಂದು ಬೆಳಿಗ್ಗೆ ಆಂಟಿಯೇ ನನ್ನನ್ನು ಕರೆದರು. ಕಾರ್ಡು ಒಯ್ಯಲು ಪ್ರೆಸ್ಸಿನ ಯಜಮಾನರು ಮನೆಗೇ ಬರುವವರಿದ್ದರು. "ಅಕ್ಷರ ಎಲ್ಲಾರ್ ಥರ ಚಿಕ್ಕದು ಮಾಡಿಡು ಪಾಪಾ. ಅವ್ರಿಗೆ ಗೊತ್ತಾಗ್ಬಾರ್ದು."

ಮಾಡಿಟ್ಟೆ. ಯಜಮಾನರು ಬಂದು ಕಾಫಿ ಕುಡಿದರು. ಕಾರ್ಡು ತುಂಬಿಕೊಟ್ಟಿದ್ದ ಫ್ಲಾಪಿಯನ್ನು ಜೇಬಿಗೆ ಹಾಕುವ ಮುನ್ನ, "ಮುಹೂರ್ತ ಬದ್ಲಾಗಿದೆ ಮೇಡಂ. ಇಲ್ಲೇ ಒಂಚೂರು ತಿದ್ಬಿಡಿ, ತಗೊಂಡ್ ಹೋಗ್ತೀನಿ" ಅಂದರು.

ಆಂಟಿ ಮೂಗು ಪರದೆಗೆ ತಾಗುವಷ್ಟು ಬಾಗಿದರು. ಬಾಣ ಅತ್ತಿತ್ತ ತಡಕಾಡಿ ನಿಂತಿತು. ಅವರು ಮೌಸಿನಿಂದ ಕೈ ತೆಗೆದರು, ಯಜಮಾನರ ಎದುರಿಗೇ ಸಮಾಧಾನವಾಗಿ ಹೇಳಿದರು.

"ದೊಡ್ಡದು ಮಾಡು ಪಾಪಾ."

ಮಾಡಿದೆ.

"ಇನ್ನೂ."

ಇನ್ನೂ ಮಾಡಿದೆ.

"ಹೂಂ, ಈಗ ಕಾಣುತ್ತೆ." ತಾವೇ ತಿದ್ದಿದರು. ಯಜಮಾನರು ಅಷ್ಟಗಲದ ಅಕ್ಷರಗಳನ್ನು ನೋಡುತ್ತ ನಿಂತಿದ್ದರು.

"ಮೊದ್ಲು ಆಪರೇಷನ್ ಮಾಡಿಸ್ಕೊಳ್ಳಿ ಮೇಡಂ. ಕೆಲಸ ಆಮೇಲೆ ನೋಡೋಣ" ಎಂದು ಮೆತ್ತಗೇ ಹೇಳಿ ಹೊರಟರು. ಮತ್ತೆ ಆ ಪ್ರೆಸ್ಸಿನಿಂದ ಕೆಲಸ ಬರಲಿಲ್ಲ. ಶಾಲೆ ಶುರುವಾಗುವಷ್ಟರಲ್ಲಿ ಆಂಟಿ ಕಮ್ಮನಹಳ್ಳಿಯ ತಂಗಿಯ ಮನೆಗೆ ಹೋಗಿಬಿಟ್ಟರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಎಷ್ಟೋ ವರ್ಷ ಇಳಿಯಲಿಲ್ಲ.

ಈಗ ನಮ್ಮ ಮನೆಯಲ್ಲಿ ತಲೆಗೊಂದು ಪರದೆ. ಒಬ್ಬರ ಸೆಟ್ಟಿಂಗನ್ನು ಇನ್ನೊಬ್ಬರು ನೋಡುವ ಹಾಗಿಲ್ಲ, ನೋಡಿದರೆ ಜಗಳ. ಒಂದೇ ಯಂತ್ರಕ್ಕೆ ಸರದಿ ಕಾಯುವ ಪಾಡು ತಪ್ಪಿತು ಎಂದು ನಾನೂ ಖುಷಿಪಟ್ಟವಳೇ. ಹೋದ ವರ್ಷದಿಂದ ನನ್ನ ಪರದೆಯ ಅಕ್ಷರಗಳನ್ನೂ ಒಂದೊಂದೇ ಹಂತ ಏರಿಸುತ್ತ ಬಂದಿದ್ದೇನೆ. ಮನೆಯಲ್ಲಿ ಒಬ್ಬರಿಗೂ ಗೊತ್ತಾಗಿಲ್ಲ.